ಗಂಟು ಹೋದರೂ ಜೀವವುಳಿಯಲಿ

ಕಾವೇರಿಯ ತೀರದ ನಮ್ಮ ಹೆಮ್ಮಿಗೆಯ ಕಡೆಯಲ್ಲಿ ಹರಿಗೋಲನ್ನೇರುತ್ತಿದ್ದ ಹಿರಿಯರು, ದಡವೆಷ್ಟು ದೂರ, ಮಡುವೆಲ್ಲಿ ಎಂಬುದನ್ನು ಮೊದಲು ಕಣ್ಣಿನಿಂದಳೆದು ಆಮೇಲೆ ಕಾಲಿಡುತ್ತಿದ್ದರು. ಅದೇ ಮನೆತನದವರು ಇಂದು ಪರದೇಶದ ಮಕ್ಕಳನ್ನು ಕಾಣಲು ವಿಮಾನವನ್ನೇರುವಾಗ, ಅದರ ಬಾಗಿಲುಗಳೆಲ್ಲಿವೆಯೆಂದು ನೋಡುವರೆ? ಪರಿಚಾರಿಕೆಯು ಕೈಸನ್ನೆಯಿಂದ ತೋರಿಸುತ್ತಿರುವಾಗ ನಮ್ಮಲ್ಲಿ ಹಲವರು ಕಿಟಕಿಯ ಕಡೆಗೆ ಮುಖಮಾಡಿರುತ್ತೇವೆ.

ವಿಮಾನವು ಬಿದ್ದರೆ ಯಾರೂ ಉಳಿಯರೆಂಬ ನಂಬಿಕೆಯೇ ಈ ಅಲಕ್ಷ್ಯಕ್ಕೆ ಮೂಲ. ಅದು ಪೂರ್ಣ ಸತ್ಯವಲ್ಲ. ೧೯೯೦ನೆಯ ಇಸವಿ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನವು ಬೆಂಗಳೂರಿನಲ್ಲಿ, ರನ್‌ವೇಯನ್ನು ಮುಟ್ಟುವ ಮೊದಲೇ, ಗಾಲ್ಫ್ ಮೈದಾನಕ್ಕಪ್ಪಳಿಸಿ ಹೊತ್ತಿ ಉರಿಯಿತು. ಅದರಲ್ಲಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮಡಿದರು. ೫೪ ಮಂದಿ ಉಳಿದರು. ೨೦೧೦ನೆಯ ಮೇ ೨೨ರ ಬೆಳಗ್ಗೆ ದುಬಾಯಿಯಿಂದ ಮಂಗಳೂರಿಗೆ ಬಂದ ವಿಮಾನವು ಗುಡ್ಡದ ಮೇಲಣ ರನ್‌ವೇಯನ್ನು ಮೀರಿ ಕಮರಿಗುರುಳಿತು. ೧೬೬ ಮಂದಿಯಲ್ಲಿ ಬದುಕಿದವರು ಎಂಟೇ ಜನ; ವಿಮಾನದ ಒಡಲು ಬಿರಿದೆಡೆಯಿಂದ ಹೊರಬಿದ್ದವರು. ಮಡಿದವರು ಎಚ್ಚರಗೇಡಿಗಳೆಂದು ನಾವು ಹೇಳುವುದಿಲ್ಲ. ಹಲವರಿಗೆ ಅವಕಾಶವೇ ದೊರೆಯಲಿಲ್ಲ. ಆದರೆ ದೊರೆತ ಕೆಲವು ಕ್ಷಣಗಳು ವ್ಯರ್ಥವಾಗಬಾರದೆಂಬುದೇ ನಮ್ಮ ಮಾತು.

ಆ ಕ್ಷಣಗಳೆಷ್ಟು? ದೊಡ್ಡ ವಿಮಾನದ ಮಾದರಿಗೆ ಪರವಾನಿಗೆ ದೊರೆಯಬೇಕಾದರೆ, ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ ಎಲ್ಲರೂ ೯೦ ಸೆಕೆಂಡುಗಳಲ್ಲಿ ಹೊರಬರಬಲ್ಲರೆಂದು ತೋರಿಸಿಕೊಡಬೇಕು. ಬಾಗಿಲು ತೆರೆದೊಡನೆ ಉಬ್ಬಿಕೊಳ್ಳುವ ಜಾರುಬಂಡಿಯು ಇದಕ್ಕಾಗಿಯೇ ಇರುವುದು. ಬೆಂಕಿಗಿಂತ ಮೊದಲೇ ಕೊಲ್ಲುವುದು ಹೊಗೆ. ೧೯೮೫ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ನೆಲವನ್ನೇ ಬಿಡದ ವಿಮಾನವೊಂದು ಉರಿದಾಗ ೫೫ ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದಲೇ. ಕಣ್ಣು ಕಾಣದ ಆ ಕತ್ತಲೆಯಲ್ಲಿ ದಾರಿತೋರಲೆಂದೇ ನಡುದಾರಿಯ ನೆಲದಲ್ಲಿ ಬೆಳಕಿನ ಸಾಲುಂಟು.

ಸಾಧನಗಳಿದ್ದರೆ ಸಾಲದು, ಬಳಕೆಯ ಕ್ರಮವನ್ನೂ ತಿಳಿದಿರಬೇಕು. ೧೯೯೬ರಲ್ಲಿ ಇಥಿಯೋಪಿಯದ ವಿಮಾನವೊಂದು ಕೊಮೊರೊಸ್ ದ್ವೀಪಗಳ ಬಳಿ ಕಡಲಿಗೆ ಬಿದ್ದಾಗ, ಒಳಗಿರುವಾಗಲೇ ಜೀವರಕ್ಷಕ ಅಂಗಿಗೆ ಗಾಳಿ ತುಂಬಿಕೊಂಡ ಹಲವರು ನುಗ್ಗಿದ ನೀರಿನೊಡನೆ ಮೇಲಕ್ಕೆ ತೇಲಿ, ಹೊರಬರಲಾರದೆ ಹೋದರು. ಇದಕ್ಕೆ ಪ್ರತಿಯಾಗಿ, ೨೦೨೪ರ ಜನವರಿ ೨ರಂದು ಜಪಾನಿನ ಹನೇಡಾದಲ್ಲಿ ಪ್ರಯಾಣಿಕ ವಿಮಾನವೊಂದು ಇಳಿಯುವಾಗ ಚಿಕ್ಕ ವಿಮಾನವೊಂದಕ್ಕೆ ಡಿಕ್ಕಿಹೊಡೆದು ಉರಿಯಿತು. ಚಿಕ್ಕ ವಿಮಾನದ ಐವರು ಮಡಿದರು; ದೊಡ್ಡದರಲ್ಲಿದ್ದ ೩೭೯ ಮಂದಿಯೂ ಎಂಟರಲ್ಲಿ ಮೂರೇ ಬಾಗಿಲುಗಳಿಂದ ಪಾರಾದರು. ಸಿಬ್ಬಂದಿಯ ಮಾತಿಗೆ ಕಿವಿಗೊಟ್ಟು ಗಂಟುಮೂಟೆಗಳನ್ನು ಬಿಟ್ಟು ನಡೆದುದೇ ಅವರಿಗೆ ಶ್ರೀರಕ್ಷೆಯಾಯಿತು.

ಆದುದರಿಂದ ವಾಚಕರು ಮನೆಯ ಹಿರಿಯರಿಗೂ ಮಕ್ಕಳಿಗೂ ಇಷ್ಟನ್ನು ತಿಳಿಸಿಕೊಡಲಿ: ಕುಳಿತೊಡನೆ, ಹತ್ತಿರದ ಬಾಗಿಲು ಎಷ್ಟನೆಯ ಸಾಲಿನಲ್ಲಿದೆಯೆಂದು ಹಿಂದಕ್ಕೂ ಮುಂದಕ್ಕೂ ಎಣಿಸಿಕೊಳ್ಳುವುದು, ನಡುಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳುವುದು, ಪ್ರಾಣವಾಯುವಿನ ಮುಖವಾಡ ಇಳಿದರೆ ಮೊದಲು ತಾವು ಧರಿಸಿ ಆಮೇಲೆ ಮಗುವಿಗೆ ತೊಡಿಸುವುದು, ಹೊಗೆಯಿದ್ದರೆ ತಗ್ಗಿ ನಡೆಯುವುದು, ಹೊರಡೆಂದಾಗ ಏನನ್ನೂ ಎತ್ತಿಕೊಳ್ಳದೆ ಹೊರಡುವುದು.

ಮಗಳಿಗೆಂದು ಕಟ್ಟಿದ ಚಟ್ನಿಪುಡಿಯ ಗಂಟು ತಾಯಿಗೆ ಪ್ರಿಯವಾದುದೇ ಸರಿ. ಆದರೆ ಆ ಮಗಳು ಕಾದಿರುವುದು ಗಂಟಿಗಲ್ಲ, ತಾಯಿಗೆ.