ಕಾಲಲ್ಲೊಂದು ಮೀನು, ಅದರಡಿ ಇನ್ನೊಂದು!

ಕಲಬುರಗಿಯ ಅಂಚಿನ ಕೋಟನೂರಿನಲ್ಲಿ ದಿನವಿಡೀ ತೊಗರಿ ಕೊಯ್ದು ಬಂದವರು "ಮೀನಖಂಡ ಹಿಡ್ಕೊಂಡಾವ ನೋಡ್ರಿ" ಎಂದು ಕಾಲು ಒತ್ತಿಕೊಂಡರೆ ಯಾರೂ ಬೆರಗಾಗುವುದಿಲ್ಲ. ಬೆರಗಾಗಬೇಕು! ಮೊಣಕಾಲಿನ ಹಿಂದೆ, ಕೆಳಗೆ, ಈ ಮೀನು ಬಂದದ್ದಾದರೂ ಎಲ್ಲಿಂದ?

ತುದಿಗಾಲ ಮೇಲೆ ನಿಂತು ನಿಮ್ಮ ಕಾಲನ್ನು ಹಿಂದಿನಿಂದ ಕನ್ನಡಿಯಲ್ಲಿ ನೋಡಿಕೊಳ್ಳಿ. ನಡುವೆ ದುಂಡಗೆ ಉಬ್ಬಿ, ಕೆಳಕ್ಕೆ ಸಪೂರವಾಗುತ್ತಾ, ಕೊನೆಗೆ ಬಿಗಿಯಾದ ಬಾಲವಾಗಿ ಹಿಮ್ಮಡಿಗೆ ಅಂಟಿಕೊಂಡಿದೆ. ಆ ಬಾಲವೇ ಅಕಿಲಿಸ್ ಸ್ನಾಯುರಜ್ಜು, ಇಡೀ ಮೈಯಲ್ಲೇ ದಪ್ಪನೆಯದು. ಹಿಮ್ಮಡಿ ಇಳಿಸಿ, ಮತ್ತೆ ಎತ್ತಿ: ಚರ್ಮದಡಿ ಮೀನು ಪುಟಿಯುತ್ತದೆ! ಖಂಡವೆಂದರೆ ಮಾಂಸ. ಈ ಹೆಸರಿಟ್ಟವರ ಕಣ್ಣಿಗೆ ಕೈಮುಗಿಯಬೇಕು.

ತಮಿಳರು ಇದನ್ನೇ 'ಕೆಂಡೈಕಾಲ್' ಎನ್ನುತ್ತಾರೆ. ಕೆಂಡೈ ಅವರ ಹೊಳೆ, ಕೆರೆಗಳಲ್ಲಿ ಸಿಗುವ ಮೀನು. ಅಲ್ಲೂ ಮೀನೇ! ರಷ್ಯನ್ನರ 'ಇಕ್ರಾ' ಎಂಬ ಪದಕ್ಕೆ ಮೀನಿನ ಮೊಟ್ಟೆ ಎಂಬ ಅರ್ಥವೂ ಇದೆ, ಮೀನಖಂಡ ಎಂಬ ಅರ್ಥವೂ ಇದೆ.

ಇನ್ನು ಕಲಬುರಗಿಯ ಪೇಟೆಯಲ್ಲೇ ಕಿವಿಗೊಟ್ಟು ನಡೆಯಿರಿ. ದಖನಿ ಮಾತಾಡುವವರಿಗೆ ಇದು 'ಪಿಂಡ್ಲಿ', ಅಂದರೆ ಉಂಡೆ, ಸಂಸ್ಕೃತದ ಪಿಂಡದ ಮಗಳು. ಮರಾಠಿಯವರಿಗೆ 'ಪೋಟರಿ', ಪೋಟ್ ಎಂದರೆ ಹೊಟ್ಟೆ. ಕಾಲಿಗೊಂದು ಹೊಟ್ಟೆ! ವೈದ್ಯಕೀಯ ಕಾಲೇಜಿನ ಹುಡುಗರು ಉರು ಹಾಕುವ 'ಗ್ಯಾಸ್ಟ್ರೊಕ್ನೀಮಿಯಸ್' ಬಿಡಿಸಿದರೂ ಅದೇ ಸಿಗುತ್ತದೆ: ಗ್ರೀಕಿನಲ್ಲಿ ಗಾಸ್ಟೆರ್ ಹೊಟ್ಟೆ, ಕ್ನೀಮೆ ಮೊಣಕಾಲಿನ ಕೆಳಗಿನ ಕಾಲು. ಗ್ರೀಸಿನ ಪಂಡಿತರೂ ಮರಾಠಿ ಮಾತಾಡುವ ಅಜ್ಜಿಯರೂ ಒಂದೇ ಉಬ್ಬನ್ನು ನೋಡಿ ಒಂದೇ ಮಾತಾಡಿದ್ದಾರೆ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ ಇನ್ನೂ ಒಳಗಿದೆ. ಈ ಹೊಟ್ಟೆಯ ಸ್ನಾಯುವನ್ನು ಮೇಲೆತ್ತಿದರೆ ಅದರಡಿ ಅಗಲವಾದ, ಚಪ್ಪಟೆಯಾದ ಇನ್ನೊಂದು ಸ್ನಾಯು ಮಲಗಿದೆ. ಹೆಸರು 'ಸೋಲಿಯಸ್'. ಲ್ಯಾಟಿನ್ನಿನಲ್ಲಿ ಸೋಲಿಯಾ ಎಂದರೆ ಚಪ್ಪಲಿ. ಚಪ್ಪಲಿಯಂತೆ ಚಪ್ಪಟೆಯಾದ ಒಂದು ಕಡಲಮೀನಿಗೂ ಅದೇ ಹೆಸರು! ಜರ್ಮನ್ನರು ಈ ಸ್ನಾಯುವನ್ನು ಷೊಲ್ಲೆನ್‌ಮುಸ್ಕೆಲ್ ಎನ್ನುತ್ತಾರೆ, ಜಪಾನಿಯರು ಹಿರಾಮೆ-ಕಿನ್ ಎನ್ನುತ್ತಾರೆ. ಎರಡಕ್ಕೂ ಅರ್ಥ ಚಪ್ಪಟೆಮೀನಿನ ಸ್ನಾಯು. ನಮ್ಮ ಮೀನಿನ ಕೆಳಗೆ ಜಗತ್ತಿನ ಮೀನು!

ಎರಡೂ ಒಂದೇ ಬಾಲ ಹಂಚಿಕೊಂಡಿವೆ. ಕಾಲಿನ ರಕ್ತವನ್ನು ಹಿಂಡಿ ಹಿಂಡಿ ಮೇಲಕ್ಕೆ, ಹೃದಯದ ಕಡೆಗೆ ತಳ್ಳುವುದೂ ಇವುಗಳದೇ ದುಡಿಮೆ. ಬಹಳ ಹೊತ್ತು ಅಲುಗದೆ ನಿಂತರೆ ಪಾದ ಊದಿಕೊಳ್ಳುವುದು ಆ ದುಡಿಮೆ ನಿಂತಾಗ. ಎರಡನ್ನೂ ಬೇರೆಬೇರೆಯಾಗಿ ಮುಟ್ಟಿ ನೋಡಬಹುದು. ಮೇಲಿನ ಮೀನಿನ ಹಿಡಿತ ಮೊಣಕಾಲು ದಾಟಿ ತೊಡೆಯೆಲುಬಿನವರೆಗೆ ಹೋಗಿದೆ, ಹಾಗಾಗಿ ಮೊಣಕಾಲು ಮಡಚಿದರೆ ಅದು ಸಡಿಲ. ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೂರಿ, ಹಿಮ್ಮಡಿ ಎತ್ತಿ. ಆಗ ಕೈಗೆ ಗಟ್ಟಿಯಾಗಿ ಸಿಗುವುದು ಹೆಚ್ಚಾಗಿ ಆ ಒಳಗಿನ ಮೀನೇ.