ಆಸವನ ಗೋಪುರವೂ ಕೊಳವೆಗಳ ವಿನ್ಯಾಸಕಾರನೂ

ಮುಂಬಯಿಯ ಚೆಂಬೂರಿನಿಂದ ಮಾಹುಲಿನತ್ತ ಸಾಗುವವರ ಕಣ್ಣಿಗೆ ತೈಲ ಶುದ್ಧೀಕರಣಾಗಾರಗಳ ನೀಳ ಗೋಪುರಗಳು ಬೀಳುತ್ತವೆ. 1954-55ರಲ್ಲಿ ಅಲ್ಲಿ ಎರಡು ಶುದ್ಧೀಕರಣಾಗಾರಗಳು ಆರಂಭವಾದಂದಿನಿಂದ ಈ ನೋಟ ನಗರದ ಕನ್ನಡಿಗರಿಗೆ ಹೊಸದಲ್ಲ. ಮೇಲೇರುವ ಆವಿಯನ್ನೂ ಕೆಳಗಿಳಿಯುವ ದ್ರವವನ್ನೂ ತಟ್ಟೆತಟ್ಟೆಯಲ್ಲಿ ಸಂಧಿಸುವಂತೆ ಮಾಡಿ, ಹಗುರವಾದುದನ್ನು ನೆತ್ತಿಯಿಂದಲೂ ಭಾರವಾದುದನ್ನು ಬುಡದಿಂದಲೂ ಹೊರತೆಗೆಯುವುದು ಆಸವನ ಗೋಪುರದ ಕಾರ್ಯ. ತಟ್ಟೆಗಳೆಷ್ಟು, ಉಷ್ಣತೆಯೆಷ್ಟು ಎಂಬುದು ರಾಸಾಯನಿಕ ಎಂಜಿನಿಯರನ ಲೆಕ್ಕ. ಅದೇ ಗೋಪುರವನ್ನು ಮನುಷ್ಯನು ಏರಿ, ಇಳಿದು, ನಡೆಸಬಲ್ಲಂತೆ ಮಾಡುವವನು ಪೈಪಿಂಗ್ ವಿನ್ಯಾಸಕಾರ. ಅವನ ಹೆಸರನ್ನು ಕೇಳಿದವರು ವಿರಳ.

ಅವನು ಮೊದಲು ಗೋಪುರದ ಸುತ್ತನ್ನು ಎರಡಾಗಿ ಹಂಚುತ್ತಾನೆ: ಒಂದು ಪಾರ್ಶ್ವ ಕೊಳವೆಗಳಿಗೆ, ರಸ್ತೆಯ ಕಡೆಯ ಪಾರ್ಶ್ವ ಮನುಷ್ಯರಿಗೆ. ಒಳಹೊಗುವ ಮ್ಯಾನ್‌ಹೋಲುಗಳು ರಸ್ತೆಯತ್ತ ತೆರೆದಿದ್ದರೆ ದುರಸ್ತಿಯ ಕಾಲದಲ್ಲಿ ತಟ್ಟೆಗಳನ್ನು ನೇರವಾಗಿ ನೆಲಕ್ಕಿಳಿಸಬಹುದು.

ಎತ್ತರದ ವಿಚಾರದಲ್ಲಿ ಅವನಿಗೆ ಹೆಚ್ಚಿನ ಚಿಂತೆ. ಬುಡದ ದ್ರವ ಕುದಿಯುವ ಅಂಚಿನಲ್ಲಿಯೇ ಇರುತ್ತದೆ. ಪಂಪಿನ ಬಾಯಲ್ಲಿ ಒತ್ತಡ ತುಸು ಕುಸಿದರೂ ಗುಳ್ಳೆಗಳೆದ್ದು ಪಂಪು ಕೆಡುತ್ತದೆ. ಆದುದರಿಂದ ಗೋಪುರವನ್ನೇ ಪಂಪಿಗಿಂತ ಸಾಕಷ್ಟು ಮೇಲೆ ನಿಲ್ಲಿಸಬೇಕಾಗುತ್ತದೆ. ಇನ್ನು ಉಕ್ಕು ಕಾದರೆ ಹಿಗ್ಗುವುದಷ್ಟೆ. 40 ಮೀಟರ್ ಎತ್ತರದ ಗೋಪುರದ ಉಷ್ಣತೆ ಸರಾಸರಿ 200 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ! ನೆತ್ತಿಯಿಂದಿಳಿಯುವ ಆವಿಕೊಳವೆಯನ್ನು ನೆಲದ ಕಂಬಕ್ಕೆ ಬಿಗಿದರೆ ಬೆಸುಗೆಯೇ ಬಿರಿಯಬಹುದು. ಅದಕ್ಕೆಂದೇ ಕೊಳವೆಯ ಭಾರವನ್ನು ನೆತ್ತಿಯ ಸಮೀಪದಲ್ಲಿ ಗೋಪುರದ ಮೈಗೇ ಹೊರಿಸುತ್ತಾರೆ. ಎರಡೂ ಒಟ್ಟಿಗೆ ಹಿಗ್ಗುತ್ತವೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಶುದ್ಧೀಕರಣಾಗಾರವೊಂದರಲ್ಲಿ, ಸುಮಾರು 52 ಮೀಟರ್ ಎತ್ತರದ ಗೋಪುರವನ್ನು ಚಾಲನೆಗೊಳಿಸುವಾಗ, ಬುಡದಲ್ಲಿ 2 ಮೀಟರಿನಷ್ಟಿರಬೇಕಾದ ದ್ರವ ನೆತ್ತಿಯ ಕೊಳವೆಗೇ ಉಕ್ಕಿತು. ಮಟ್ಟಮಾಪಕ ತಪ್ಪು ತೋರಿಸುತ್ತಿತ್ತು. ಕಣ್ಣಾರೆ ನೋಡಬೇಕಾದ ಮಟ್ಟಸೂಚಿಯ ಗಾಜು ಕೊಳೆಗಟ್ಟಿ ಕುರುಡಾಗಿತ್ತು. ಸುರಕ್ಷಾ ಕವಾಟಗಳ ಕೊಳವೆಯ ಕೊನೆ ಅನಿಲವನ್ನು ಉರಿಸಿಬಿಡುವ ಜ್ವಾಲಾಸ್ತಂಭಕ್ಕೆ ಸೇರಿರದೆ, ಬಯಲಿಗೆ ಬಾಯ್ದೆರೆದ ಚಿಮಣಿಗೆ ಸೇರಿತ್ತು. ಅಲ್ಲಿಂದ ಚಿಮ್ಮಿದ ಇಂಧನಕ್ಕೆ ಬೆಂಕಿ ಹತ್ತಿ 15 ಮಂದಿ ಮಡಿದರು. 180 ಮಂದಿ ಗಾಯಗೊಂಡರು. ದೋಷವೆಲ್ಲ ನಕ್ಷೆಯದೆನ್ನಲಾಗದು, ನಿರ್ವಹಣೆಯದೇ ಹೆಚ್ಚು. ಆದರೂ ಕೊಳವೆಯ ಕೊನೆ ಎಲ್ಲಿರಬೇಕು, ಗಾಜು ಯಾವ ಮೆಟ್ಟಿಲಿನಿಂದ ಕಾಣಬೇಕು ಎಂಬುದು ನಿಶ್ಚಯವಾಗುವುದು ನಕ್ಷೆಯ ಮೇಲೆಯೇ.

ಇಂದು ಈ ನಕ್ಷೆ ಗಣಕಯಂತ್ರದ ಪರದೆಯ ಮೇಲೆ ಮೂರು ಆಯಾಮಗಳಲ್ಲಿ ಮೂಡುತ್ತದೆ. ಉಕ್ಕನ್ನು ಕತ್ತರಿಸುವ ಮೊದಲೇ ಸ್ಥಾವರವನ್ನು ನಡೆಸುವವರನ್ನು ಅದರೆದುರು ಕೂರಿಸಿ, ಈ ಕವಾಟಕ್ಕೆ ಕೈ ನಿಲುಕುವುದೇ, ಈ ಏಣಿಯಿಂದ ಆ ಗಾಜು ಕಾಣುವುದೇ ಎಂದು ಕೇಳುವ ಪದ್ಧತಿಯುಂಟು.