ರಾಬರ್ಟ್ ಮೇ: ‘ಗೊತ್ತಿಲ್ಲ’ ಎನ್ನುವುದನ್ನು ನಿಯಮವಾಗಿಸಿದ ಸಲಹೆಗಾರ

1990ರ ಮೇ ತಿಂಗಳಲ್ಲಿ ಬ್ರಿಟನ್ನಿನ ಅಂದಿನ ಕೃಷಿ ಸಚಿವ ಜಾನ್ ಗಮ್ಮರ್ ಟಿವಿ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಬೀಫ್ ಬರ್ಗರ್ ಕೊಟ್ಟರು. ಹಸುಗಳಲ್ಲಿ ‘ಮ್ಯಾಡ್ ಕೌ’ ರೋಗ ಹಬ್ಬುತ್ತಿದ್ದರೂ ಮಾಂಸ ಸುರಕ್ಷಿತ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. 1996ರ ಮಾರ್ಚ್ 20ರಂದು ಅದೇ ಪಕ್ಷದ ಸರ್ಕಾರ, ಮನುಷ್ಯರ ಮಿದುಳನ್ನು ನಾಶಪಡಿಸುವ ಹೊಸ ಕಾಯಿಲೆಗೆ ಈ ರೋಗ ಕಾರಣವಾಗಿರುವ ಸಾಧ್ಯತೆ ಇದೆಯೆಂದು ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಿ ಅದಕ್ಕೆ ಬಲಿಯಾದವರು 178 ಮಂದಿ.

ಸರ್ಕಾರದ ವಿಶ್ವಾಸಾರ್ಹತೆ ಕುಸಿದ ಆ ದಿನಗಳಲ್ಲಿ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ದವರು ರಾಬರ್ಟ್ ಮೇ. ಅವರು 1995ರಲ್ಲಷ್ಟೇ ಆ ಹುದ್ದೆಗೆ ಬಂದಿದ್ದರು. ಮೇ ವೈದ್ಯರಲ್ಲ, ಪಶುತಜ್ಞರೂ ಅಲ್ಲ. 1936ರಲ್ಲಿ ಸಿಡ್ನಿಯಲ್ಲಿ ಜನಿಸಿದ ಅವರು ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಜೀವಿಗಳ ಸಂಖ್ಯೆ ಏಕೆ ಏರಿಳಿಯುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿ, 1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು.

ಅವರಿಗೆ ಹೆಸರು ತಂದದ್ದು 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ. ವರ್ಷಕ್ಕೊಂದು ಪೀಳಿಗೆ ಕಾಣುವ ಕೀಟವನ್ನು ಊಹಿಸಿಕೊಳ್ಳಿ. ಈ ವರ್ಷದ ಸಂಖ್ಯೆಯಿಂದ ಮುಂದಿನ ವರ್ಷದ ಸಂಖ್ಯೆಯನ್ನು ಹೇಳಲು ಒಂದೇ ಸಾಲಿನ ಸಮೀಕರಣ ಸಾಕು. ವೃದ್ಧಿಯ ಪ್ರಮಾಣ 3ರೊಳಗಿದ್ದರೆ ಲೆಕ್ಕ ಒಂದೆಡೆ ಬಂದು ನಿಲ್ಲುತ್ತದೆ. 3 ದಾಟಿದರೆ ಎರಡು ಸಂಖ್ಯೆಗಳ ನಡುವೆ ತೂಗಾಡುತ್ತದೆ, ಬಳಿಕ ನಾಲ್ಕು, ಎಂಟು. ಸುಮಾರು 3.57ರ ಆಚೆಗೆ ಸಂಪೂರ್ಣ ಗೊಂದಲ. ಸಮೀಕರಣದಲ್ಲಿ ಆಕಸ್ಮಿಕವೆಂಬುದೇ ಇಲ್ಲ. ಆದರೂ ಮೊದಲ ಎಣಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಮುಂದಿನ ಭವಿಷ್ಯವೆಲ್ಲ ತಲೆಕೆಳಗು!

ಇಂಥ ಲೆಕ್ಕದಲ್ಲಿ ಪಳಗಿದವರಿಗೆ ‘ಯಾವ ಅಪಾಯವೂ ಇಲ್ಲ’ ಎಂಬ ಸರ್ಕಾರಿ ಭರವಸೆ ರುಚಿಸದಿದ್ದರೆ ಆಶ್ಚರ್ಯವಿಲ್ಲ. ಮ್ಯಾಡ್ ಕೌ ವಿಷಯದಲ್ಲಂತೂ ಸೋಂಕು ತಗುಲಿ ವರ್ಷಗಳ ನಂತರ ಕಾಯಿಲೆ ಕಾಣಿಸುತ್ತಿದ್ದುದರಿಂದ ಸಾವಿನ ಅಂದಾಜುಗಳು ನೂರರ ಆಸುಪಾಸಿನಿಂದ ಲಕ್ಷದವರೆಗೂ ಹರಡಿದ್ದವು. 1997ರಲ್ಲಿ ಮೇ ಸರ್ಕಾರದ ಇಲಾಖೆಗಳಿಗೆ ಮಾರ್ಗಸೂಚಿ ರೂಪಿಸಿದರು. ಹೊರಗಿನ ತಜ್ಞರನ್ನೂ ಕೇಳಬೇಕು, ಅನಿಶ್ಚಿತತೆಯನ್ನು ಮುಚ್ಚಿಡಬಾರದು, ಆಧಾರಗಳನ್ನು ಜನರ ಮುಂದಿಡಬೇಕು ಎಂಬುದು ಅದರ ತಿರುಳು. ಇಂದು ಸಾಮಾನ್ಯವೆನಿಸಿದರೂ, ಗೋಪ್ಯತೆಯೇ ರೂಢಿಯಾಗಿದ್ದ ಲಂಡನ್ನಿನ ಆಡಳಿತಕ್ಕೆ ಇದು ಸಣ್ಣ ಮಾತಾಗಿರಲಿಲ್ಲ.

2000ದಲ್ಲಿ ಹುದ್ದೆ ಬಿಟ್ಟ ಮೇ, 2005ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 2008ರ ಆರ್ಥಿಕ ಕುಸಿತದ ಬಳಿಕ ಬ್ಯಾಂಕ್ ಆಫ್ ಇಂಗ್ಲೆಂಡಿನ ಆಂಡ್ರ್ಯೂ ಹಾಲ್ಡೇನ್ ಜೊತೆಗೂಡಿ, ಬ್ಯಾಂಕುಗಳ ಜಾಲವನ್ನೂ ಕಾಡಿನ ಆಹಾರ ಸರಪಳಿಯಂತೆ ಪರಿಶೀಲಿಸಿದರು.

ಅವರು ನಿಧನರಾದದ್ದು 2020ರ ಏಪ್ರಿಲ್ 28ರಂದು, ಕೋವಿಡ್ ಉಲ್ಬಣಿಸಿದ್ದಾಗ. ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ಸೋಂಕು ಹರಡುತ್ತದೆ ಎಂಬ ‘ಆರ್’ ಸಂಖ್ಯೆ ಆಗ ದಿನವೂ ಸುದ್ದಿಯಲ್ಲಿತ್ತು. ಅದನ್ನು ಸೋಂಕುರೋಗಗಳ ಅಧ್ಯಯನದಲ್ಲಿ ನೆಲೆಗೊಳಿಸಿದವರಲ್ಲಿ ಮೇ ಮತ್ತು ರಾಯ್ ಆಂಡರ್ಸನ್ ಪ್ರಮುಖರು. ಅದೇ ವೇಳೆ, ಸರ್ಕಾರಕ್ಕೆ ಸಲಹೆ ನೀಡುತ್ತಿದ್ದ ವಿಜ್ಞಾನಿಗಳ ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಬಹಿರಂಗಪಡಿಸಬೇಕೆಂಬ ಒತ್ತಾಯವೂ ಬಲವಾಗಿತ್ತು. ಆ ಪಟ್ಟಿ ಪ್ರಕಟವಾದದ್ದು ಮೇ 4ರಂದು, ಅವರು ತೀರಿಕೊಂಡ ಆರು ದಿನಗಳ ನಂತರ.